ಹೋದ ಕರೆಂಟನ್ನು ಆಫ್ ಮಾಡುವುದು

ಕೆಂಗಲ್

ಹೊರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಚನ್ನಪಟ್ಟಣದಲ್ಲಿ ಏನು ನೋಡಿದಿರಿ ಎಂದು ಯಾರೂ ಕೇಳುವುದಿಲ್ಲ. ಏನು ತಂದಿರಿ ಎಂದು ಕೇಳುತ್ತಾರೆ. ನಾನು ಮತ್ತು ಸಾದಿಕ್ ತಂದದ್ದು ಕುರಿಯ ಕೊರಳಿಗೆ ಕಟ್ಟುವ ಒಂದು ಗಂಟೆ, ಜೊತೆಗೆ ಒಂದು ಹೊಸ ಅಭ್ಯಾಸ. ಗಂಟೆಯನ್ನು ಬೀದಿಯವರೆಲ್ಲ ಅಲ್ಲಾಡಿಸಿ ನೋಡಿದರು. ಅಭ್ಯಾಸವನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದು ತಪ್ಪಲ್ಲ, ಕಥೆ ಕೇಳಿದರೆ ನೀವೂ ನಗುತ್ತೀರಿ.

ಮೊದಲು ನಮ್ಮ ಪರಿಚಯ. ಬೊಂಬೆಗೆ ಬೇಕಾದ ಹಾಲೆ ಮರವನ್ನು ಕೊಯ್ದು ತುಂಡು ಮಾಡಿ ಕೊಡುವ ಸಣ್ಣ ಗರಗಸದ ಮಿಲ್ಲು ನನ್ನದು. ಹೆಸರು ರುದ್ರಪ್ಪ, ಮನೆ ದೊಡ್ಡಮಳೂರಿನಲ್ಲಿ. ಮಿಲ್ಲಿನ ಗೋಡೆಯಾಚೆ ಸಾದಿಕನ ಲೇತ್ ಇದೆ. ನಾನು ಕೊಯ್ದ ಮರ ಅವನ ಕೈಗೆ ಹೋಗಿ ಬುಗುರಿ, ಗಿಲಕಿ, ತಲೆಯಾಡಿಸುವ ಅಜ್ಜ ಆಗುತ್ತದೆ. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ನಿಂತವರು ನಾವು. ಕೂತವರು ಎನ್ನಲಾರೆ, ಮೇಷ್ಟ್ರು ಕೂರಲು ಬಿಟ್ಟದ್ದು ಕಡಿಮೆ. ಲೇತಿನ ಸದ್ದಿನ ಮೇಲೆ ಕೇಳಿಸುವಂತೆ ಕೂಗಿ ಕೂಗಿ ಸಾದಿಕನಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿದೆ. ಸುಮ್ಮನಿರುವುದಂತೂ ಅವನಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಮೊರಾಗ್ ಎಂಬ ಹೆಂಗಸು ಅರಗಿನ ಕೆಲಸ ಕಲಿಯಲು ನಮ್ಮ ಬೀದಿಗೆ ಬಂದಿದ್ದರು. ವಯಸ್ಸು ಅರವತ್ತರ ಆಸುಪಾಸು, ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಒಂದು ದ್ವೀಪದಲ್ಲಿ ಕುರಿ ಸಾಕುವವರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದಲ್ಲ, ಅದನ್ನು ನೋಡುತ್ತ ಅವರು ಲೇತಿನ ಪಕ್ಕದಲ್ಲೇ ಕೂತಿರುತ್ತಿದ್ದರು. ಬೆಂಕಿಯಿಲ್ಲ, ಒಲೆಯಿಲ್ಲ, ಆದರೂ ಕರಗುತ್ತದೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡು ಆಮೇಲೆ ನುಂಗುವುದನ್ನು ಕಲಿತರು. "ಊಟ ಆಯ್ತಾ" ಮತ್ತು "ಒಸಿ" ಎಂಬ ಎರಡು ಮಾತು ಕಲಿತುಕೊಂಡು ಹೋದರು. ಒಸಿ ಎಂದರೆ ನಮ್ಮ ಕಡೆ ಸ್ವಲ್ಪ. ಅವರೇ ಈ ವರ್ಷ ನಮ್ಮಿಬ್ಬರನ್ನೂ ತಮ್ಮ ದ್ವೀಪಕ್ಕೆ ಕರೆಸಿಕೊಂಡರು. ಊರ ಹಾಲ್‌ನಲ್ಲಿ ಲೇತ್ ಇದೆ, ಬಂದು ಜನಕ್ಕೆ ಕಲಿಸಿಕೊಡಿ ಎಂದು.

ಹೊರಡುವ ದಿನ ಹೆಂಡತಿ ಜಯಮ್ಮ ಕೆಂಗಲ್ ಆಂಜನೇಯನಿಗೆ ಕಾಯಿ ಒಡೆಸದೆ ಬಿಡಲಿಲ್ಲ. ಸಾದಿಕ್ ಹೊರಗೆ ಕಾರಿನ ಪಕ್ಕ ನಿಂತು ತನ್ನ ಪ್ರಾರ್ಥನೆ ತಾನು ಮಾಡಿಕೊಂಡ. ಆಮೇಲೆ ನನ್ನ ಕಾಯಿಯ ಅರ್ಧ ಹೋಳನ್ನು ಅವನೇ ತಿಂದ. ಜಯಮ್ಮ ನನ್ನ ಪೆಟ್ಟಿಗೆಗೆ ರಾಗಿಹಿಟ್ಟು, ಚಟ್ನಿಪುಡಿ ತುಂಬಿ, ಎಲ್ಲಕ್ಕಿಂತ ಮೇಲೆ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಇಟ್ಟಿದ್ದಳು.

"ಆ ಚಳಿ ದೇಸದಲ್ಲಿ ತಣ್ಣೀರ್ ಸ್ನಾನ ಮಾಡ್ಕೊಂಡು ಕೆಮ್ಕೊಂಡ್ ಬರ್ಬೇಡಿ," ಎಂದಳು.

ಆ ಕಾಯಿಲ್ ಅಲ್ಲಿ ಏನು ಮಾಡಿತೆಂಬುದನ್ನು ಅವಳಿಗೆ ಇನ್ನೂ ಹೇಳಿಲ್ಲ.

ಹಡಗುಕಟ್ಟೆ

ವಿಮಾನ ನಿಲ್ದಾಣದಲ್ಲಿ ಸಾದಿಕನ ಚೀಲದೊಳಗಿನ ಅರಗಿನ ಕಡ್ಡಿಗಳು ಯಂತ್ರದಲ್ಲಿ ಏನಾಗಿ ಕಂಡವೋ, ಒಬ್ಬ ಅಧಿಕಾರಿ ಅವನ್ನು ಹೊರಗೆ ತೆಗೆಸಿ ಮೂಸಿ ನೋಡಿದ. ಕೆಂಪು, ಹಳದಿ, ಹಸಿರು ಕಡ್ಡಿಗಳು. ತಿನ್ನುವುದಾ, ಸಿಡಿಯುವುದಾ ಎಂದು ಅವನಿಗೆ ಅನುಮಾನ. ಸಾದಿಕ್ ಉತ್ತರ ಹೇಳುವ ಬದಲು ಜೇಬಿನಿಂದ ಒಂದು ಬುಗುರಿ ತೆಗೆದು ಅಲ್ಲಿದ್ದ ತಟ್ಟೆಯಲ್ಲಿ ತಿರುಗಿಸಿಬಿಟ್ಟ. ಹಿಂದೆ ನಿಂತವರೆಲ್ಲ ಇಣುಕಿದರು. ಬುಗುರಿ ನಿಲ್ಲುವವರೆಗೆ ಅಧಿಕಾರಿಯೂ ಕಾದ. ನಿಂತ ಮೇಲೆ ಹೋಗಿ ಎಂದು ಕೈಯಾಡಿಸಿದ. ಬುಗುರಿಯನ್ನು ಅವನಿಗೇ ಕೊಟ್ಟು ಬಂದೆವು.

ಎರಡು ವಿಮಾನ, ಒಂದು ರೈಲು, ಒಂದು ಬಸ್ಸು ಆದ ಮೇಲೆ ಸಣ್ಣ ಹಡಗು. ಅದರಲ್ಲಿ ನಮ್ಮ ಜೊತೆ ಹಿಟ್ಟಿನ ಮೂಟೆ, ಎರಡು ನಾಯಿ, ದೊಡ್ಡ ಉರುಳೆಯಲ್ಲಿ ಸುತ್ತಿದ ಕರೆಂಟಿನ ಕೇಬಲ್ಲು ಇದ್ದವು. ಆ ಕೇಬಲ್ಲಿಗೂ ನಮಗೂ ಮುಂದೆ ವ್ಯವಹಾರವಿದೆ ಎಂದು ಆಗ ಗೊತ್ತಿರಲಿಲ್ಲ. ಕಡಲು ಎತ್ತಿ ಎತ್ತಿ ಹಾಕುತ್ತಿತ್ತು. ಸಾದಿಕ್ ಕಂಬಿ ಹಿಡಿದು ವಾಂತಿ ಮಾಡಿಕೊಂಡ, ಆದರೂ ಮಾತು ನಿಲ್ಲಲಿಲ್ಲ.

"ಯಾ ಅಲ್ಲಾ, ಕನಕಪುರದ ಬಸ್ಸೇ ವಾಸಿ ಕಣ್ಲಾ ರುದ್ರ! ಅದ್ರಾಗೆ ಗುಂಡಿ ಎಲ್ಲೈತೆ ಅಂತಾನಾದ್ರೂ ಗೊತ್ತಿರ್ತದೆ!"

ದ್ವೀಪದ ಹೆಸರು ಬೇಡ. ಹೇಳಿದರೆ ನೀವು ಮೊಬೈಲ್ ನಕ್ಷೆಯಲ್ಲಿ ಹುಡುಕಲು ಕೂರುತ್ತೀರಿ, ನೊಣ ಕೂತ ಚುಕ್ಕೆಯಷ್ಟು ಕಾಣುತ್ತದೆ. ಹಡಗುಕಟ್ಟೆಯಲ್ಲಿ ಮೊರಾಗ್ ಕೈಬೀಸುತ್ತ ನಿಂತಿದ್ದರು. ಹತ್ತಿರ ಹೋದ ಕೂಡಲೇ "ಊಟ ಆಯ್ತಾ?" ಎಂದರು. ಸಾದಿಕನ ಮುಖ ನೋಡಿ ಅವರೇ ಪ್ರಶ್ನೆ ವಾಪಸು ತೆಗೆದುಕೊಂಡರು.

ಇಲ್ಲೊಂದು ಮಾತು ಹೇಳಿಬಿಡಬೇಕು. ಮೊರಾಗ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಸಾದಿಕನಿಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಇಲ್ಲೂ ಹಾಗೆಯೇ ಬರೆಯುತ್ತೇನೆ. ಆ ಹೆಂಗಸು ಪಕ್ಕದ ಮದ್ದೂರಿನವರ ಹಾಗೆ ಕೇಳಿಸಿದರೆ ತಪ್ಪು ನನ್ನದು.

ಮೊರಾಗ್ ಮನೆ

ಮನೆಯೊಳಗೂ ಹೊರಗಿನಷ್ಟೇ ಚಳಿ. ಇಷ್ಟು ಶ್ರೀಮಂತ ದೇಶದಲ್ಲಿ ಮನೆಯನ್ನು ಬಿಸಿ ಮಾಡಿಕೊಳ್ಳಬಾರದೇ ಎಂದು ನನಗೆ ಒಳಗೊಳಗೇ ಸಿಟ್ಟು. ಮೊರಾಗ್ ಮೈಮೇಲೆ ಒಂದರ ಮೇಲೊಂದು ಸ್ವೆಟರ್. ನಮಗೂ ಒಂದೊಂದು ಕೊಟ್ಟರು, ಅವರ ತೀರಿಹೋದ ಗಂಡನವು. ಆ ಮನುಷ್ಯ ಆರಡಿ ದಾಟಿದವನಿರಬೇಕು, ಸಾದಿಕನಿಗೆ ಅದು ಮಂಡಿ ಮುಟ್ಟುತ್ತಿತ್ತು. ಮಲಗುವಾಗ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ ಕೊಡುತ್ತಿದ್ದರು. ಅದನ್ನು ಅಪ್ಪಿಕೊಂಡು ಮಲಗುವುದು ಎಂದರೆ ಮೊದಲ ರಾತ್ರಿ ನಾಚಿಕೆಯಾಯಿತು, ಎರಡನೆಯ ರಾತ್ರಿ ಇನ್ನೊಂದು ಕೇಳಿ ತೆಗೆದುಕೊಂಡೆ.

ಇಡೀ ಮನೆಯಲ್ಲಿ ಬೆಚ್ಚಗಿದ್ದ ಜೀವ ಒಂದೇ. ಅಡುಗೆಮನೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಕೆಂಪು ಬಲ್ಬು, ಅದರ ಕೆಳಗೆ ಹುಟ್ಟಿ ಕೆಲವೇ ದಿನವಾದ ಹೆಣ್ಣು ಕುರಿಮರಿ. ಅದರ ತಾಯಿ ಮಳೆಯಲ್ಲಿ ಈಯುತ್ತಲೇ ಸತ್ತಿತ್ತಂತೆ. ಮೊರಾಗರ ಅವ್ವ ಮದುವೆಯಾಗಿ ದ್ವೀಪಕ್ಕೆ ಬಂದಾಗ ತವರಿನಿಂದ ಹೊಡೆದುಕೊಂಡು ಬಂದ ಕುರಿಗಳ ತಳಿ ಅದು. ಉಳಿದವು ಒಂದೊಂದಾಗಿ ಹೋಗಿ ಈಗ ಈ ಮರಿ ಒಂದೇ.

"ಇದು ಉಳ್ಕಂಡ್ರೆ ನಮ್ಮವ್ವನ ಕುರಿ ಉಳ್ಕಂಡಂಗೆ," ಎಂದು ಮೊರಾಗ್ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದರು. ಮರಿಯ ಕಾಲು ನಡುಗುತ್ತಿತ್ತು. ಬಲ್ಬಿನ ಕೆಳಗಿಂದ ಈಚೆ ತೆಗೆದರೆ ಇನ್ನೂ ನಡುಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಜಯಮ್ಮನ ಮಾತಿನಂತೆ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟೆ. ಸಾದಿಕ್ ಅಡುಗೆಮನೆಯಲ್ಲಿ ಕರೆಂಟಿನ ಕೆಟಲಿನಲ್ಲಿ ಟೀಗೆ ನೀರಿಟ್ಟಿದ್ದ, ಮೊರಾಗ್ ಕರೆಂಟಿನ ಒಲೆಯ ಮೇಲೆ ಗಂಜಿ ಇಟ್ಟಿದ್ದರು. ಟಕ್ ಎಂದಿತು, ಮನೆಯೆಲ್ಲ ಕತ್ತಲು. ಮೊರಾಗ್ ಓಡಿದ್ದು ಕರೆಂಟಿನ ಪೆಟ್ಟಿಗೆಗಲ್ಲ, ಮರಿಯ ಪೆಟ್ಟಿಗೆಗೆ. ಅದರ ಮೇಲೆ ಸ್ವೆಟರ್ ಹೊದಿಸಿ ಬಂದು ಆಮೇಲೆ ನನ್ನ ಕಾಯಿಲ್ ಎತ್ತಿ ಹಿಡಿದು ತಿರುಗಿಸಿ ನೋಡಿದರು.

"ಇದೇನಪ್ಪಾ, ಜಿಲೇಬಿನಾ?"

ಆಗ ಅವರು ವಿಷಯ ತಿಳಿಸಿದರು. ಈ ದ್ವೀಪಕ್ಕೆ ಹೊರಗಿನಿಂದ ಕರೆಂಟು ಬರುವುದಿಲ್ಲ. ಬೆಟ್ಟದಿಂದ ಇಳಿಯುವ ತೊರೆಯಲ್ಲಿ ಒಂದು ಚಕ್ರ, ಗುಡ್ಡದ ಮೇಲೆ ಕೆಲವು ಗಾಳಿಯಂತ್ರ, ಒಂದಷ್ಟು ಸೋಲಾರ್ ಹಲಗೆ, ಇಷ್ಟರಲ್ಲಿ ಬಂದದ್ದನ್ನು ಬ್ಯಾಟರಿಯ ಶೆಡ್ಡಿನಲ್ಲಿ ತುಂಬಿಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ. ಒಬ್ಬರು ಜಾಸ್ತಿ ಎಳೆದರೆ ಇನ್ನೊಬ್ಬರಿಗೆ ಕಡಿಮೆ. ಅಂಗಡಿಯ ಗೋಡೆಯ ಮೇಲೆ ಒಂದು ದೀಪ ಇಟ್ಟಿದ್ದಾರೆ. ಹಸಿರಿದ್ದರೆ ಬಟ್ಟೆ ಒಗೆಯುವ ಮೆಷಿನ್ ಹಾಕಬಹುದು, ಕೆಂಪಾದರೆ ನಾಳೆಗೆ ಇಡಬೇಕು.

"ಯಾರ್ ಬಂದು ನೋಡ್ತಾರೆ ಅಂತ ಕೇಳ್ಲಾ," ಎಂದ ಸಾದಿಕ್.

ನಾನು ಕೇಳಿದೆ. ಯಾರೂ ಬರುವುದಿಲ್ಲ ಎಂದರು ಮೊರಾಗ್. ದಂಡವೂ ಇಲ್ಲ, ನೋಟೀಸೂ ಇಲ್ಲ. ಕೆಂಪು ದೀಪದ ದಿನ ಹಿತ್ತಲಿನಲ್ಲಿ ಒದ್ದೆ ಬಟ್ಟೆ ಒಣಹಾಕಿದರೆ ಇಡೀ ಊರಿಗೆ ಕಾಣುತ್ತದೆ, ಅಷ್ಟೇ. ಇದನ್ನು ಕೇಳಿ ಸಾದಿಕ್ ಬಾಯಿ ಬಿಟ್ಟುಕೊಂಡು ನೋಡಿದ. ನಮ್ಮ ಬೀದಿಯಲ್ಲಿ ಎರಡು ಅಂಗಡಿಯ ನಡುವಿನ ಚರಂಡಿ ಯಾರು ಬಳಿಯಬೇಕೆಂಬುದು ನಮ್ಮ ಅಪ್ಪಂದಿರ ಕಾಲದಿಂದ ತೀರ್ಮಾನವಾಗಿಲ್ಲ.

ಆ ಸಂಜೆಯಿಂದ ನಾವೂ ಅಂಗಡಿಯ ದೀಪ ನೋಡಲು ಹೋಗತೊಡಗಿದೆವು. ಕಾಯಿಲ್ ಪೆಟ್ಟಿಗೆಯ ತಳ ಸೇರಿತು. ಸ್ನಾನ ಮಾತ್ರ ಎಷ್ಟು ದಿನಕ್ಕೊಂದು ಮಾಡಿದೆವು ಎಂದು ಕೇಳಬೇಡಿ.

ಊರ ಹಾಲ್

ಹಾಲ್ ಇರುವುದು ಊರಿನ ಎತ್ತರದಲ್ಲಿ. ಕಿಟಕಿಯಿಂದ ನೋಡಿದರೆ ಹಡಗುಕಟ್ಟೆಯವರೆಗೆ ಮನೆಗಳೆಲ್ಲ ಕಾಣುತ್ತವೆ. ಕಲಿಯಲು ಬಂದವರು ಮೀನು ಹಿಡಿಯುವವರು, ಟೀಚರಮ್ಮ, ಅಂಗಡಿಯವರು. ಎಲ್ಲರೂ ಗಂಭೀರವಾಗಿ ಕೂತಿದ್ದರು. ಸಾದಿಕ್ ಲೇತ್ ತಿರುಗಿಸಿ, ಮರ ಕೆತ್ತಿ ಬುಗುರಿಯ ಆಕಾರ ಮಾಡಿ, ದೊಡ್ಡ ಜಾದೂಗಾರನ ಹಾಗೆ ಅರಗಿನ ಕಡ್ಡಿಯನ್ನು ಎತ್ತಿ ತೋರಿಸಿ ಒತ್ತಿದ. ಅರಗು ಕರಗಲಿಲ್ಲ. ಇನ್ನೂ ಒತ್ತಿದ. ಪುಡಿಪುಡಿಯಾಗಿ ಉದುರಿ ಟೀಚರಮ್ಮನ ಮಡಿಲಿಗೆ ಬಿತ್ತು.

"ಅರೆ, ಈ ಚಳಿಗೆ ಅರಗೂ ಮುದುರ್ಕಂಡ್ಬುಟ್ಟೈತೆ!"

ಹಾಲ್ ಬಿಸಿ ಮಾಡದೆ ಬೇರೆ ದಾರಿ ಇರಲಿಲ್ಲ. ಆ ದಿನ ದೀಪ ಹಸಿರಿತ್ತು, ಗುಡ್ಡದ ಮೇಲೆ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಕರೆಂಟ್ ನೋಡಿಕೊಳ್ಳುವ ಕ್ಯಾಲಮ್ ಎಂಬ ಯುವಕ ಬಂದು ಎರಡು ದೊಡ್ಡ ಹೀಟರ್ ಹಾಕಿಕೊಟ್ಟ. ಗಡ್ಡ ಬಿಟ್ಟ, ಮಾತು ಕಡಿಮೆಯ ಹುಡುಗ. ಊರ ಜನರೆಲ್ಲ ಸೇರಿ ಅವನನ್ನು ಆ ಕೆಲಸ ಕಲಿಯಲು ಕಳಿಸಿದ್ದರಂತೆ. ಹೀಟರ್ ಬಿಸಿಯಾದ ಮೇಲೆ ಅರಗು ಕರಗಿತು, ಬಣ್ಣ ಹರಿಯಿತು, ಸಾದಿಕನ ಮಾನ ಉಳಿಯಿತು.

ಟೀ ಕುಡಿಯುವಾಗ ಕ್ಯಾಲಮನನ್ನು ಈ ಸಾಮಾನೆಲ್ಲ ಎಲ್ಲಿಯದು ಎಂದು ಕೇಳಿದೆ. ಸೋಲಾರ್ ಹಲಗೆ ಚೀನಾದ್ದು, ಗಾಳಿಯಂತ್ರದ ರೆಕ್ಕೆ ಡೆನ್ಮಾರ್ಕಿನದು, ಬ್ಯಾಟರಿ ಕೊರಿಯಾದ್ದು, ತೊರೆಗೆ ಚಕ್ರ ಕೂರಿಸಿದವನು ಪೋಲೆಂಡಿನವನು ಎಂದ. ಇದನ್ನು ನೋಡಿ ಕಲಿಯಲು ಆಫ್ರಿಕಾದಿಂದ, ಎಲ್ಲೆಲ್ಲಿಯದೋ ದ್ವೀಪಗಳಿಂದ ಜನ ಬರುತ್ತಾರೆ ಎಂದ. ಜಗತ್ತಿನ ದೊಡ್ಡವರು ಕೋಟು ಹಾಕಿಕೊಂಡು ಏಸಿ ರೂಮಿನಲ್ಲಿ ಕೂತು, ಕರೆಂಟ್ ಉಳಿಸಬೇಕು ಎಂದು ಒಪ್ಪಂದ ಬರೆಯುವುದನ್ನು ನಾನು ಟೀವಿಯಲ್ಲಿ ನೋಡಿದ್ದೇನೆ. ಬೆವರದಿರಲಿ ಎಂದು ಅಲ್ಲಿ ಎಷ್ಟು ಕರೆಂಟು ಸುಡುತ್ತಾರೋ. ಇಲ್ಲಿ ಅಷ್ಟು ದೇಶದವರ ಕೈಕೆಲಸ ಒಂದು ತಗಡಿನ ಶೆಡ್ಡಿನೊಳಗೆ ಜಗಳವಾಡದೆ ಕೂತಿತ್ತು. ಅದರ ಬಾಗಿಲಿಗೆ ಬೀಗ ಕೂಡ ಇರಲಿಲ್ಲ. ನನಗೆ ಅದನ್ನು ಕಂಡು ಸಂತೋಷವಾಯಿತು.

ಕರೆಂಟ್ ತೆಗೆದ ದಿನ

ನಮ್ಮ ಜೊತೆ ಹಡಗಿನಲ್ಲಿ ಬಂದ ಕೇಬಲ್ಲನ್ನು ಹಾಕಲು ಒಂದು ಮಧ್ಯಾಹ್ನ ಇಡೀ ದ್ವೀಪದ ಕರೆಂಟ್ ತೆಗೆಯಬೇಕಿತ್ತು. ಮೊರಾಗ್ ಬೆಳಿಗ್ಗೆಯೇ ಮರಿಯ ಪೆಟ್ಟಿಗೆಯನ್ನೂ ಬಲ್ಬನ್ನೂ ಹಾಲ್‌ಗೆ ತಂದಿಟ್ಟರು. ಅವರೂ ಶೆಡ್ಡಿನಲ್ಲಿ ಕೇಬಲ್ ಎಳೆಯಲು ಕೈ ಹಾಕಬೇಕಿತ್ತು. ನಮಗೆ ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದರು. ಕರೆಂಟ್ ಹೋದ ಕೂಡಲೇ ಎಲ್ಲ ಸ್ವಿಚ್ ಆಫ್ ಮಾಡಿ. ಬಂದ ಮೇಲೆ ಚರ್ಚಿನ ಗಂಟೆ ಹೊಡೆಯುತ್ತಾರೆ. ಆಮೇಲೆ ಹಡಗುಕಟ್ಟೆಯ ಮನೆಯಿಂದ ಶುರುಮಾಡಿ ಒಬ್ಬೊಬ್ಬರಾಗಿ ಹಾಕಿಕೊಳ್ಳಬೇಕು, ಹಾಲ್‌ನ ಸರದಿ ಕೊನೆಗೆ. ಅಲ್ಲಿಯವರೆಗೆ ಮರಿಗೆ ಕಂಬಳಿ, ಬಿಸಿನೀರಿನ ಚೀಲ.

"ಕತ್ತಲಾಗೋದ್ರೊಳ್ಗೆ ಬಂದ್ಬುಡ್ತದೆ. ಮರಿ ಒಸಿ ನೋಡ್ಕಳಿ," ಎಂದು ಹೇಳಿ ಹೋದರು. ಅದರಲ್ಲಿ "ಒಸಿ" ಮಾತ್ರ ನನ್ನ ತರ್ಜುಮೆಯಲ್ಲ, ಅವರದೇ.

ಊಟವಾಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಸಾದಿಕ್ ಬುಗುರಿ ಕೆತ್ತುತ್ತಿದ್ದ. ಲೇತ್ ನಿಧಾನವಾಗಿ ನಿಂತಿತು. ಅವನು ಉಳಿ ಕೆಳಗಿಟ್ಟು, ಕೈ ಒರೆಸಿಕೊಂಡು, ಹೋಗಿ ಬೆಂಚಿನ ಮೇಲೆ ಕೂತ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಯಾರೂ ಸ್ವಿಚ್ ಮುಟ್ಟುವುದಿಲ್ಲ. ಟೀ ಅಂಗಡಿಗೆ ಹೋಗಿ ಕೂತಿರುತ್ತಾರೆ. ಒಮ್ಮೆಲೇ ಬೀದಿಯ ಲೇತ್‌ಗಳೆಲ್ಲ ಗುಂಯ್ ಎಂದಾಗ ಕರೆಂಟ್ ಬಂತು ಎಂದು ತಿಳಿದು ಲೋಟ ಇಟ್ಟು ಏಳುತ್ತಾರೆ. ತೋಟದ ಕಡೆಯವರ ಪಂಪ್‌ಸೆಟ್ಟೂ ಹಾಗೆಯೇ, ಮನೆಯ ಫ್ಯಾನೂ ಹಾಗೆಯೇ.

"ಲೇ, ಎಲ್ಲಾ ಆಫ್ ಮಾಡಿ ಅಂದಿದ್ರಲ್ವಾ?" ಎಂದೆ.

"ಹೋಗಿರೋ ಕರೆಂಟ್ನ ಇನ್ನೇನ್ಲಾ ಆಫ್ ಮಾಡೋದು? ಅದೇ ಆಫ್ ಆಗೈತಲ್ಲ!"

"ಅದೂ ಸರಿ."

"ಈಗ್ ಆಫ್ ಮಾಡ್ಬುಟ್ರೆ ಬಂದಿದ್ದು ಹೆಂಗ್ ಗೊತ್ತಾಗ್ಬೇಕು? ಮರೀಗೆ ಬಲ್ಬ್ ಬ್ಯಾಡ್ವಾ?"

ನನಗೆ ಇದರಲ್ಲಿ ಒಂದು ತಪ್ಪೂ ಕಾಣಲಿಲ್ಲ. ಇಂಗ್ಲಿಷ್ ಅರ್ಥವಾಗಿತ್ತು, ವಿಷಯ ಅರ್ಥವಾಗಿರಲಿಲ್ಲ. ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಎಲ್ಲಿ ಕೂತರೂ ಕಾಣಲಿ ಎಂದು ಹಾಲ್‌ನ ಉಳಿದ ಲೈಟುಗಳ ಸ್ವಿಚ್ಚನ್ನೂ ಹಾಕಿದೆ. ಕೆಲಸ ಮಾಡಿ ದಣಿದು ಬರುವವರಿಗೆ ಟೀ ಸಿದ್ಧವಿರಲಿ ಎಂದು ದೊಡ್ಡ ಟೀ ಬಾಯ್ಲರಿಗೆ ನೀರು ತುಂಬಿ ಅದರ ಸ್ವಿಚ್ಚನ್ನೂ ಒತ್ತಿದೆ. ಹೀಟರ್‌ಗಳು ಹೇಗೂ ಆನ್ ಇದ್ದವು. ಇಬ್ಬರೂ ಮರಿಯ ಪೆಟ್ಟಿಗೆಯ ಪಕ್ಕ ಕೂತು ಬಲ್ಬನ್ನೇ ನೋಡತೊಡಗಿದೆವು.

ಬಹಳ ಹೊತ್ತಾದ ಮೇಲೆ ಹಾಲ್‌ನ ಲೈಟೆಲ್ಲ ಒಮ್ಮೆ ಝಗ್ ಎಂದಿತು, ಲೇತ್ ಅರ್ಧ ಸುತ್ತು ತಿರುಗಿತು, ಎಲ್ಲ ಆರಿಹೋಯಿತು.

"ಬಂತು!" ಎಂದ ಸಾದಿಕ್. "ಹೋಯ್ತು!" ಎಂದೆ ನಾನು.

ಇನ್ನೊಂದಷ್ಟು ಹೊತ್ತಿಗೆ ಮತ್ತೆ ಝಗ್ ಎಂದು ಮತ್ತೆ ಆರಿತು.

"ನಮ್ಮೂರ್ ಥರಾನೇ ಕಣ್ಲಾ," ಎಂದು ಸಾದಿಕ್ ಮೊದಲ ಸಲ ಆ ದ್ವೀಪದ ಮೇಲೆ ಪ್ರೀತಿಯಿಂದ ಮಾತಾಡಿದ. ನನಗೂ ಮನೆಯ ನೆನಪಾಗಿ ಮನಸ್ಸು ತುಂಬಿ ಬಂತು. ಕಿಟಕಿಯ ಕೆಳಗೆ ಕ್ಯಾಲಮ್ ಸೈಕಲ್ಲಿನಲ್ಲಿ ಮನೆಯಿಂದ ಮನೆಗೆ ಹೋಗುವುದು ಕಾಣುತ್ತಿತ್ತು. ಪಾಪ, ಏನೋ ರಿಪೇರಿ ಇರಬೇಕು ಎಂದುಕೊಂಡೆವು.

ಅಷ್ಟರಲ್ಲಿ ಬಿಸಿನೀರಿನ ಚೀಲ ಆರಿತು. ಮೋಡ ಕವಿದು ಹಾಲ್ ತಣ್ಣಗಾಯಿತು. ಮರಿ ಮೊದಲು ನಡುಗಿತು, ಆಮೇಲೆ ನಡುಗುವುದನ್ನೇ ನಿಲ್ಲಿಸಿತು. ಬೆರಳು ಬಾಯಿಗೆ ಕೊಟ್ಟರೆ ಚೀಪಲಿಲ್ಲ. ಅವರವ್ವನ ಕೊನೆಯ ಕುರಿ, ನಮ್ಮನ್ನು ನಂಬಿ ಬಿಟ್ಟುಹೋಗಿದ್ದಾರೆ, ಅದು ನಮ್ಮ ಕೈಯಲ್ಲಿ ಹೀಗೆ ಹೋಗುವುದೇ? ಸಾದಿಕ್ ಹಿಂದೆ ಮುಂದೆ ನೋಡದೆ ಅದನ್ನೆತ್ತಿ ಆ ಮಂಡಿಯುದ್ದದ ಸ್ವೆಟರಿನೊಳಗೆ, ತನ್ನ ಬರಿ ಹೊಟ್ಟೆಗೆ ಒತ್ತಿ ಇಟ್ಟುಕೊಂಡ. ನಾನು ಅವರಿಬ್ಬರ ಮೇಲೂ ಕಂಬಳಿ ಸುತ್ತಿ ಹಿಂದಿನಿಂದ ತಬ್ಬಿ ಕೂತೆ.

"ಉಸ್ರಾಡ್ತಾ ಐತಾ?" ಎಂದು ಕೇಳಿದೆ.

"ಒಸಿ ಐತೆ. ಎದ್ದೇಳವ್ವಾ ತಾಯಿ, ಎದ್ದೇಳು. ನಿನ್ಗೆ ಚನ್ನಪಟ್ಟಣದ್ ಬೊಂಬೆ ಕೊಡಿಸ್ತೀನಿ," ಎಂದು ಅವನು ಸ್ವೆಟರಿನ ಕತ್ತಿನೊಳಗೆ ಬಾಯಿಟ್ಟು ಮಾತಾಡುತ್ತಲೇ ಇದ್ದ.

ಹೀಗೆ ನಾವು ಒಬ್ಬರನ್ನೊಬ್ಬರು ತಬ್ಬಿ ಕೂತಿರುವಾಗ ಕ್ಯಾಲಮ್ ಬಾಗಿಲು ತೆರೆದ. ಮಳೆಯಲ್ಲಿ ತೊಯ್ದಿದ್ದ. ನಮ್ಮನ್ನು ನೋಡಿದ. ಆಮೇಲೆ ಗೋಡೆಯನ್ನು ನೋಡಿದ. ಹೀಟರ್, ಲೇತ್, ಬಾಯ್ಲರ್, ಸಾಲು ಲೈಟು, ಎಲ್ಲ ಸ್ವಿಚ್ಚೂ ಆನ್.

ಯಾಕೆ ಎಂದು ಕೇಳಿದ. ಕರೆಂಟ್ ಬಂದದ್ದು ಗೊತ್ತಾಗಲಿ ಎಂದು, ಅಂದೆ.

ಅವನು ಹೇಳಿದ್ದು ಇಷ್ಟೇ. ಬಿಟ್ಟ ಕೂಡಲೇ ಈ ಹಾಲ್ ಒಂದೇ ಏಟಿಗೆ ಅಷ್ಟನ್ನೂ ಎಳೆದುಕೊಳ್ಳುತ್ತದೆ, ಹೊಸದಾಗಿ ಏಳುತ್ತಿರುವ ಬ್ಯಾಟರಿಗೆ ತಡೆಯಲಾಗದೆ ಕುಸಿಯುತ್ತದೆ, ಎರಡು ಸಲ ಹಾಗಾಯಿತು. ಕೇಬಲ್ ಕೆಟ್ಟಿದೆಯೋ ಎಂದು ಮತ್ತೆ ಅಗೆದು ನೋಡಿದರಂತೆ. ಯಾರದೋ ಮನೆಯಲ್ಲಿ ಮರೆತಿರಬಹುದು ಎಂದು ಅವನು ಹಡಗುಕಟ್ಟೆಯಿಂದ ಪ್ರತಿ ಮನೆ ನೋಡಿಕೊಂಡು ಬಂದಿದ್ದ. ಹಾಲ್‌ನಲ್ಲಿ ಗೆಳೆಯರಿದ್ದಾರಲ್ಲ, ಹೇಳಿದ ಹಾಗೆ ಆಫ್ ಮಾಡಿರುತ್ತಾರೆ ಎಂದು ಇದನ್ನು ಕೊನೆಗೆ ಬಿಟ್ಟಿದ್ದ.

ಬೈಯುತ್ತಾನೆ ಎಂದು ಕಾದೆ. ನಮ್ಮ ಲೈನ್‌ಮನ್ ಆಗಿದ್ದರೆ ಮೂರು ತಲೆಮಾರಿಗೆ ಆಗುವಷ್ಟು ಬೈದು ಮನಸ್ಸು ಹಗುರ ಮಾಡುತ್ತಿದ್ದ. ಇವನು ಬೈಯಲಿಲ್ಲ. ಗೋಡೆಯ ಉದ್ದಕ್ಕೂ ನಡೆದು, ಒಂದು ಬೆರಳಿನಿಂದ ಒಂದೊಂದೇ ಸ್ವಿಚ್ ಮೇಲಕ್ಕೆ ಒತ್ತಿದ. ಟಕ್, ಟಕ್, ಟಕ್. ನನಗೆ ಭೂಮಿ ಬಾಯಿ ತೆರೆದರೆ ಸಾಕು ಎನ್ನಿಸಿತು. ಆ ಹುಡುಗ ಒಂದು ಕೆಟ್ಟ ಮಾತು ಆಡಿದ್ದರೆ ಎಷ್ಟೋ ವಾಸಿಯಿತ್ತು.

ಅವನು ಹೋದ ಮೇಲೆ ಮೊರಾಗ್ ಓಡಿ ಬಂದರು. ಸ್ವೆಟರಿನ ಕತ್ತಿನೊಳಗೆ ಕೈ ತೂರಿಸಿ ಮರಿಯನ್ನು ಮುಟ್ಟಿದರು. ಮರಿ ಅವರ ಬೆರಳು ಹಿಡಿದು ಚೀಪಿತು.

"ಊಟ ಆಯ್ತಾ?" ಎಂದು ಅದನ್ನೇ ಕೇಳಿದರು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ.

ಚರ್ಚಿನ ಗಂಟೆ ಹೊಡೆದಾಗ ಮಸುಕು ಬೆಳಕಿತ್ತು. ಕಿಟಕಿಯಲ್ಲಿ ನಿಂತು ನೋಡಿದೆವು. ಹಡಗುಕಟ್ಟೆಯ ಮನೆಯಲ್ಲಿ ಒಂದು ದೀಪ ಬಂತು. ಸ್ವಲ್ಪ ತಡೆದು ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಅಂಗಡಿ. ಆಮೇಲೆ ಟೀಚರಮ್ಮನ ಮನೆ. ಯಾರೂ ಮುಂದೆ ನುಗ್ಗಲಿಲ್ಲ. ಕತ್ತಲ ಮನೆಗಳ ಕಿಟಕಿಯಲ್ಲಿ ಜನ ನಿಂತು ತಮ್ಮ ಸರದಿ ಕಾಯುವುದು ಕಾಣುತ್ತಿತ್ತು. ನಮ್ಮ ತಪ್ಪಿಗೆ ಅಷ್ಟು ಹೊತ್ತು ಚಳಿಯಲ್ಲಿ ಕೂತಿದ್ದವರು ಅವರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಕೊನೆಗೆ ಹಾಲ್‌ನ ಸರದಿ ಬಂದಾಗ ಸಾದಿಕ್ ಮರಿಯ ಕೆಂಪು ಬಲ್ಬೊಂದನ್ನೇ ಹಾಕಿದ.

ಹೊರಡುವ ದಿನ ಮೊರಾಗ್ ಆ ಮರಿಯ ತಾಯಿಯ ಕೊರಳಲ್ಲಿದ್ದ ಗಂಟೆಯನ್ನು ಸಾದಿಕನ ಕೈಗಿಟ್ಟರು. ಹಡಗುಕಟ್ಟೆಗೆ ಕ್ಯಾಲಮ್ ಕೂಡ ಬಂದಿದ್ದ. ಮೊದಲ ಸಲ ನಕ್ಕು, ಮನೆಗೆ ಹೋದ ಮೇಲೆ ಸ್ವಿಚ್ ಎಲ್ಲ ಆಫ್ ಇದೆಯಾ ನೋಡಿ ಎಂದ.

ನಮ್ಮ ಬೀದಿ

ಬಂದು ನೋಡಿದರೆ ಬೀದಿ ಸತ್ತ ಹಾಗಿತ್ತು. ಮೂಲೆಯ ಟ್ರಾನ್ಸ್‌ಫಾರ್ಮರ್ ಮತ್ತೆ ಸುಟ್ಟಿತ್ತು. ಅದು ಸುಟ್ಟರೆ ಒಂದು ಲೇತೂ ತಿರುಗದು, ನನ್ನ ಗರಗಸವೂ ನಿಂತ ಹಾಗೆ, ಇಡೀ ಬೀದಿ ಕೈಕಟ್ಟಿ ಕೂರಬೇಕು. ಹೊಸದನ್ನು ಕೂರಿಸಿದ ಲೈನ್‌ಮನ್ ಕಂಬದಿಂದಿಳಿದು ಕೈಮುಗಿದ.

"ಇದೂ ಹೋದ್ರೆ ಇನ್ನೊಂದ್ ಯಾವಾಗ್ ಬತ್ತದೋ ನಂಗೊತ್ತಿಲ್ಲ ಕಣ್ರಪ್ಪ."

ನಾವು ಇಷ್ಟು ವರ್ಷ ಬೈದದ್ದೆಲ್ಲ ಅವನನ್ನೇ. ಈಗ ಸಾದಿಕ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕರೆಂಟ್ ಬಂದ ಕೂಡಲೇ ಬೀದಿಯ ಲೇತ್‌ಗಳೆಲ್ಲ ಒಟ್ಟಿಗೆ ಗುಂಯ್ ಎನ್ನುವುದು ಇಬ್ಬರಿಗೂ ಕಿವಿಯಲ್ಲಿ ಕೇಳಿಸಿತು.

ಸಾದಿಕ್ ಟೀ ಅಂಗಡಿಯಲ್ಲಿ ಎಲ್ಲರನ್ನೂ ಸೇರಿಸಿ ದ್ವೀಪದ ಕಥೆ ಹೇಳಿದ. ಕರೆಂಟ್ ಹೋದಾಗ ಆಫ್ ಮಾಡೋಣ, ಬಂದ ಮೇಲೆ ಒಬ್ಬೊಬ್ಬರಾಗಿ ಹಾಕೋಣ ಎಂದ.

"ಫಾರಿನ್ಗೆ ಹೋಗಿ ಸ್ವಿಚ್ ಆಫ್ ಮಾಡೋದ್ ಕಲ್ತ್ಕೊಂಡ್ ಬಂದವ್ರೆ ನೋಡ್ರಪ್ಪಾ!" ಎಂದ ಎದುರಿನ ಲೇತಿನ ನಯಾಜ್. ಎಲ್ಲರೂ ನ‌ಕ್ಕರು. "ಬಂದಿದ್ದು ಹೆಂಗ್ ಗೊತ್ತಾಗ್ಬೇಕು?"

"ನಮ್ಮಂಗ್ಡಿ ಮುಂದೆ ಒಂದ್ ಬಲ್ಬ್ ಆನ್ ಇರ್ತದೆ. ಅದು ಹತ್ಕಂಡ್ರೆ ಈ ಗಂಟೆ ಹೊಡೀತೀನಿ," ಎಂದು ಸಾದಿಕ್ ಕುರಿಯ ಗಂಟೆ ಅಲ್ಲಾಡಿಸಿದ.

ಒಪ್ಪಿದರು. ಆದರೆ ಮೊದಲು ಯಾರ ಲೇತ್, ಆಮೇಲೆ ಯಾರದು? ಅದನ್ನು ತೀರ್ಮಾನಿಸಲು ಮೂರು ಸಲ ಟೀ ತರಿಸಬೇಕಾಯಿತು, ಒಬ್ಬರು ಎದ್ದು ಹೋಗಿ ವಾಪಸು ಬಂದರು. ದೇಶದೇಶಗಳು ಒಂದು ಮಾತಿಗೆ ಬರಲು ಯಾಕೆ ಅಷ್ಟು ತಡವಾಗುತ್ತದೆ ಎಂದು ಅವತ್ತು ನನಗೆ ತಿಳಿಯಿತು. ಅವರನ್ನು ಇನ್ನು ಮೇಲೆ ಆಡಿಕೊಳ್ಳುವುದಿಲ್ಲ. ಗರಗಸದ ಮೋಟಾರ್ ಎಲ್ಲಕ್ಕಿಂತ ದೊಡ್ಡದು, ಅದು ಕೊನೆಗೆ ಎಂದು ನಾನೇ ದೊಡ್ಡ ಮನಸ್ಸು ಮಾಡಿ ಹೇಳಿದೆ.

ಕೆಲವು ದಿನದಲ್ಲೇ ಕರೆಂಟ್ ಹೋಯಿತು. ಬೀದಿಯವರೆಲ್ಲ ಹೊರಗೆ ಬಂದು ಸಾದಿಕನ ಬಲ್ಬನ್ನೇ ನೋಡುತ್ತ ನಿಂತೆವು. ಬಲ್ಬು ಹತ್ತಿತು. ಗಂಟೆಗೆ ಕೈ ಹಾಕುವ ಮೊದಲೇ ಮೂಲೆಯಲ್ಲಿ ಟಪ್ ಎಂದಿತು, ಬಲ್ಬು ಆರಿತು. ಪುಣ್ಯಕ್ಕೆ ಫ್ಯೂಸ್ ಮಾತ್ರ ಹೋಗಿತ್ತು. ಲೈನ್‌ಮನ್ ತಲೆ ಚಚ್ಚಿಕೊಂಡ.

"ನಾನ್ ಆಫ್ ಮಾಡಿದ್ದೆ ಕಣ್ರೋ!" ಎಂದ ನಯಾಜ್. ಎಲ್ಲರೂ ಆಣೆ ಇಟ್ಟರು. ಎಲ್ಲರಿಗಿಂತ ಜೋರಾಗಿ ನಾನು.

ಸಾದಿಕ್ ಬೀದಿಯ ಆ ತುದಿಯಿಂದ ಅಂಗಡಿ ಅಂಗಡಿ ನೋಡುತ್ತ ಬಂದ. ನಾನು ಹಿಂದೆಯೇ ಹೋಗಿ, "ಸರಿಯಾಗ್ ನೋಡ್ಲಾ, ನಯಾಜ್ನ ನಂಬಬ್ಯಾಡ," ಎಂದು ಸಲಹೆ ಕೊಡುತ್ತಿದ್ದೆ. ಎಲ್ಲರದೂ ಆಫ್ ಇತ್ತು. ಕೊನೆಗೆ ನನ್ನ ಮಿಲ್ಲು. ಗರಗಸದ ಹಲಗೆಯ ಮೇಲೆ ಅರ್ಧ ಕೊಯ್ದ ಹಾಲೆ ಮರ ಹಾಗೇ ಇತ್ತು. ಕರೆಂಟ್ ಹೋದಾಗ ಕೈ ಒರೆಸಿಕೊಂಡು ಎದ್ದು ಹೊರಗೆ ಬಂದಿದ್ದೆ, ನಮ್ಮಪ್ಪ ಬರುತ್ತಿದ್ದ ಹಾಗೆಯೇ. ಗರಗಸದ ಸ್ವಿಚ್ ಆನ್.

ಸಾದಿಕ್ ಸ್ವಿಚ್ ನೋಡಿದ. ನನ್ನನ್ನು ನೋಡಿದ. ಈಗ ಶುರುಮಾಡುತ್ತಾನೆ, ಇಡೀ ಬೀದಿಗೆ ಕೇಳುವ ಹಾಗೆ, ವರ್ಷವೆಲ್ಲ ಹೇಳಿಕೊಂಡು ನಗುತ್ತಾನೆ ಎಂದು ಕಿವಿ ಗಟ್ಟಿ ಮಾಡಿಕೊಂಡೆ.

ಅವನು ಗೋಡೆಯ ಹತ್ತಿರ ಹೋದ. ಒಂದು ಬೆರಳಿನಿಂದ ಸ್ವಿಚ್ ಮೇಲಕ್ಕೆ ಒತ್ತಿ, ಟಕ್ ಎಂದ ಮೇಲೆ, ಹೊರಗೆ ನಡೆದ.

ಲೈನ್‌ಮನ್ ಫ್ಯೂಸ್ ಹಾಕಿದ. ಬಲ್ಬು ಹತ್ತಿತು, ಆರಲಿಲ್ಲ. ಗಂಟೆ ಕೇಳಿಸಿತು. ಮೊದಲು ಆ ತುದಿಯ ಲೇತ್ ಗುಂಯ್ ಎಂದಿತು. ತಡೆದು, ಇನ್ನೊಂದು. ಆಮೇಲೆ ನಯಾಜನದು. ಗೋಡೆಯಾಚೆ ಸಾದಿಕನ ಲೇತ್ ತಿರುಗಿದ್ದೂ ಕೇಳಿಸಿತು, ಅವನ ದನಿ ಮಾತ್ರ ಕೇಳಿಸಲಿಲ್ಲ. ನಾನು ಮಿಲ್ಲಿನೊಳಗೆ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನನ್ನ ಸರದಿಗೆ ಕಾಯುತ್ತ ನಿಂತೆ.